ಕೋಮೊ ಸರೋವರದ ವಿಲ್ಲಾ ಬಾಲ್ಬಿಯಾನೆಲ್ಲೊ: ಹಿನ್ನೆಲೆ ಏನು, ದೋಣಿಯಿಂದ ನೋಡುವುದು ಹೇಗೆ?

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ಮೇ ಕೊನೆಯ ವಾರ ಮಿಲಾನಿನಲ್ಲಿ ಒಂದು ಪೂರ್ತಿ ದಿನ ಬಿಡುವು ಸಿಗುತ್ತಿದೆ. ಕೋಮೊ ಸರೋವರಕ್ಕೆ ಹೋಗಿ ಲೆನ್ನೊ ಊರಿನ ಪಕ್ಕದ ವಿಲ್ಲಾ ಬಾಲ್ಬಿಯಾನೆಲ್ಲೊ ನೋಡಬೇಕು ಅಂತಿದೆ. ನಾಲ್ಕು ಜನ ಇದ್ದೇವೆ, ಅದರಲ್ಲಿ ಒಬ್ಬರಿಗೆ ಮಂಡಿನೋವು. ಕೇಳಬೇಕಾದ್ದು ಮೂರು:

ಒಂದು, ಆ ಮನೆ ಯಾರದ್ದು, ಯಾವ ಕಾಲದ್ದು? ಎಲ್ಲಿ ಓದಿದರೂ ಸಿನಿಮಾ ಶೂಟಿಂಗ್ ಮತ್ತು ಮದುವೆಯ ವಿಷಯವೇ. ಎರಡು, ನೀರಿನ ಮೇಲಿಂದ ಚೆನ್ನಾಗಿ ಕಾಣುತ್ತೆ ಅಂತಾರಲ್ಲ, ಸರಕಾರಿ ದೋಣಿ ಸಾಕಾ, ಟ್ಯಾಕ್ಸಿ ದೋಣಿ ಬೇಕಾ, ಇಲ್ಲ ನಾವೇ ಬಾಡಿಗೆಗೆ ತಗೊಂಡು ಓಡಿಸಬಹುದಾ? ಮೂರು, ಒಳಗೆ ಹೋಗುವುದು ಬಿಟ್ಟು ಹೊರಗಿನಿಂದಲೇ ನೋಡಿ ಬಂದರೆ ಏನಾದರೂ ತಪ್ಪಿಸಿಕೊಂಡ ಹಾಗಾಗುತ್ತಾ?

ಹಳೆಮನೆ:
ಮೊದಲನೇ ಪ್ರಶ್ನೆಗೆ ಉತ್ತರ ಕೊಡ್ತೀನಿ. ಈ ಮನೆಯ ಚರಿತ್ರೆ ಗೊತ್ತಿದ್ದರೆ ದೋಣಿಯಲ್ಲಿ ಕೂತು ಅದನ್ನು ಓದಬಹುದು. ಗೊತ್ತಿಲ್ಲದಿದ್ದರೆ ಮಾಸಲು ಹಳದಿ ಗೋಡೆ, ಹಸಿರು ಗುಡ್ಡ, ಒಂದು ಫೋಟೊ, ಅಲ್ಲಿಗೆ ಮುಗಿಯಿತು.

ಸರೋವರದೊಳಕ್ಕೆ ಮೂಗಿನ ಹಾಗೆ ಚಾಚಿಕೊಂಡ ಗುಡ್ಡವೊಂದಿದೆ, ದೊಸ್ಸೊ ದಿ ಲವೇದೊ ಅಂತ ಅದರ ಹೆಸರು. ಅದರ ತುದಿಯಲ್ಲಿ ಮೊದಲು ಇದ್ದದ್ದು ಫ್ರಾನ್ಸಿಸ್ಕನ್ ಸನ್ಯಾಸಿಗಳ ಸಣ್ಣ ಮಠ. ಅದರ ಇಗರ್ಜಿಯ ಎರಡು ಗಂಟೆಗೋಪುರಗಳು ಇವತ್ತೂ ನಿಂತಿವೆ. ನೀರಿನಿಂದ ನೋಡುವಾಗ ಕಣ್ಣಿಗೆ ಮೊದಲು ಬೀಳಬೇಕಾದ್ದು ಆ ಜೋಡಿ ಗೋಪುರ. ಉಳಿದದ್ದೆಲ್ಲ ಅದಕ್ಕಿಂತ ಈಚಿನದು.

1787ರಲ್ಲಿ ಮನೆ ಎದ್ದದ್ದು ಕಾರ್ಡಿನಲ್ ಆಂಜೆಲೊ ಮರಿಯ ದುರೀನಿಯ ಕೈಯಲ್ಲಿ. ಪೋಲೆಂಡಿನಲ್ಲಿ ಪೋಪರ ರಾಯಭಾರಿಯಾಗಿದ್ದವನು, 1776ರಲ್ಲಿ ಕಾರ್ಡಿನಲ್ ಆದವನು, ಲ್ಯಾಟಿನ್ನಿನಲ್ಲಿ ಪದ್ಯ ಬರೆಯುತ್ತಿದ್ದವನು. ಅವನ ದೊಡ್ಡ ಮನೆ ಪಕ್ಕದ ಒಸ್ಸೂಚ್ಚೊದಲ್ಲಿತ್ತು, ವಿಲ್ಲಾ ಬಾಲ್ಬಿಯಾನೊ ಅಂತ. ಅಲ್ಲಿ ಜನಜಂಗುಳಿ ಜಾಸ್ತಿ ಅನ್ನಿಸಿದಾಗ ಓದು, ಗೋಷ್ಠಿ, ಆಪ್ತ ಗೆಳೆಯರ ಕೂಟಕ್ಕೆ ಈ ತುದಿಯಲ್ಲಿ ಚಿಕ್ಕ ಮನೆ ಮಾಡಿಕೊಂಡ. ಬಾಲ್ಬಿಯಾನೆಲ್ಲೊ ಅಂದರೆ ‘ಚಿಕ್ಕ ಬಾಲ್ಬಿಯಾನೊ’. ನಮ್ಮಲ್ಲಿ ಊರಿನ ಮನೆ ಬಿಟ್ಟು ತೋಟದ ಮನೆಗೆ ಹೋಗುತ್ತಾರಲ್ಲ, ಅದೇ ಲೆಕ್ಕ.

ಗುಡ್ಡದ ನೆತ್ತಿಯ ಮೇಲೆ ಮೂರು ಕಮಾನಿನ ತೆರೆದ ಹಜಾರ ಕಾಣುತ್ತದೆ. ಅದನ್ನು ಲೊಜ್ಜಿಯಾ ಅನ್ನುತ್ತಾರೆ, ಕಾರ್ಡಿನಲ್‌ನ ಹೆಸರೇ ಅದಕ್ಕೆ ನಿಂತಿದೆ. ಎರಡು ಕಡೆ ಎರಡು ಕೋಣೆ, ನಡುವೆ ಬಯಲು. ಒಂದು ಕೋಣೆ ಈಗ ಗ್ರಂಥಾಲಯ, ಇನ್ನೊಂದು ನಕಾಶೆಗಳ ಕೋಣೆ. ನಡುವಿನ ಕಮಾನಿನಡಿ ನಿಂತರೆ ಈ ಮಗ್ಗುಲಲ್ಲಿ ಕೊಮಾಚೀನಾ ದ್ವೀಪದ ಕಡೆಯ ನೀರು, ಆ ಮಗ್ಗುಲಲ್ಲಿ ಬೆಲ್ಲಾಜಿಯೊ ಕಡೆಯ ನೀರು. ದೋಣಿಯಿಂದ ನೋಡುವವರಿಗೆ ಇದರಲ್ಲೊಂದು ಗುಟ್ಟಿದೆ: ದೋಣಿ ಸರಿಯಾದ ಜಾಗಕ್ಕೆ ಬಂದಾಗ ಕಮಾನಿನ ಮೂಲಕ ಆಚೆಯ ಆಕಾಶ ಕಾಣುತ್ತದೆ. ಕೆಲವೇ ಸೆಕೆಂಡು. ದೋಣಿ ಮುಂದೆ ಸರಿದರೆ ಕಮಾನು ಮತ್ತೆ ಕಪ್ಪು.

ದುರೀನಿ 1796ರಲ್ಲಿ ತೀರಿಕೊಂಡ ಮೇಲೆ ಮನೆ ಸೋದರಳಿಯ ಲುಯಿಜಿ ಪೊರ್ರೊ ಲಂಬೆರ್ತೆಂಗಿಗೆ ಹೋಯಿತು. ನನ್ನ ಮಟ್ಟಿಗೆ ಈ ಮನೆಯ ನಿಜವಾದ ಕತೆ ಶುರುವಾಗುವುದೇ ಇಲ್ಲಿ. ಆಗ ಮಿಲಾನ್ ಸುತ್ತಲಿನ ಲೊಂಬಾರ್ದಿ ಪ್ರಾಂತ ಆಸ್ಟ್ರಿಯದ ಆಳ್ವಿಕೆಯಲ್ಲಿತ್ತು, ಪೊರ್ರೊ ಅದರ ವಿರೋಧಿಗಳ ಗುಂಪಿನವನು. 1818–19ರಲ್ಲಿ ಮಿಲಾನಿನಿಂದ ಹೊರಟು ಆಸ್ಟ್ರಿಯದ ಸೆನ್ಸಾರಿನ ಕಾಟಕ್ಕೆ ನಿಂತುಹೋದ ‘ಇಲ್ ಕೊಂಚಿಲಿಯತೋರೆ’ ಪತ್ರಿಕೆಯ ಹಿಂದೆ ಅವನ ಹಣ ಇತ್ತು. ಅವನ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ಬರಹಗಾರ ಸಿಲ್ವಿಯೊ ಪೆಲ್ಲಿಕೊ. 1820ರ ಅಕ್ಟೋಬರಿನಲ್ಲಿ ಪೆಲ್ಲಿಕೊನನ್ನು ಹಿಡಿದರು. ಮರಣದಂಡನೆ ಸೆರೆವಾಸಕ್ಕೆ ಇಳಿದು, ಮೊರಾವಿಯಾದ ಶ್ಪೀಲ್‌ಬೆರ್ಗ್ ಕೋಟೆಯಲ್ಲಿ ಕೊಳೆತು 1830ರಲ್ಲಿ ಹೊರಬಂದ. ಪೊರ್ರೊ 1821ರಲ್ಲೇ ದೇಶ ಬಿಟ್ಟಿದ್ದ. ಈ ಸರೋವರದಲ್ಲಿ ಮೊದಲ ಹಬೆದೋಣಿಗಳು ಓಡಿದ್ದು 1826ರಲ್ಲಿ. ಅಂದರೆ ಆಸ್ಟ್ರಿಯ ವಿರೋಧಿಗಳ ಗುಟ್ಟಿನ ಕೂಟಗಳ ಕಾಲದಲ್ಲಿ ಇಲ್ಲಿಗೆ ಬಂದವರೆಲ್ಲ ಹುಟ್ಟು ಇಲ್ಲವೇ ಹಾಯಿಯ ದೋಣಿಯಲ್ಲಿ ಬಂದವರು. ಮೂರು ಕಡೆ ನೀರು. ಯಾರೇ ಬಂದರೂ ದೂರದಿಂದಲೇ ಗೊತ್ತಾಗುತ್ತದೆ.

ಆಮೇಲೆ ಮನೆ ಪೊರ್ರೊನ ಗೆಳೆಯ ಜುಸೆಪ್ಪೆ ಅರ್ಕೊನಾತಿ ವಿಸ್ಕೊಂತಿಯ ಕೈಗೆ ಬಂತು. ತೋಟ ಇವತ್ತಿನ ರೂಪಕ್ಕೆ ಬರತೊಡಗಿದ್ದು ಅವನ ಕಾಲದಲ್ಲಿ. ಬೆಲ್ಜಿಯಮ್ಮಿನಲ್ಲಿ ಬ್ರಸೆಲ್ಸ್ ಹತ್ತಿರದ ಗಾಸ್‌ಬೇಕ್ ಕೋಟೆಯೂ ಇದೇ ಮನೆತನದ್ದು, ದೇಶಭ್ರಷ್ಟ ಇಟಾಲಿಯನ್ನರಿಗೆ ಅದು ಆಸರೆ. ಮನೆತನದ ಕೊನೆಯ ಯಜಮಾನಿ 1921ರಲ್ಲಿ ಆ ಕೋಟೆಯನ್ನು ಬೆಲ್ಜಿಯಂ ಸರಕಾರಕ್ಕೆ ಕೊಟ್ಟರು. ಬಾಲ್ಬಿಯಾನೆಲ್ಲೊ ಅಷ್ಟರಲ್ಲಾಗಲೇ ಬಹಳ ವರ್ಷ ಬೀಗ ಹಾಕಿಕೊಂಡು ಹಾಳು ಸುರಿದು, 1919ರಲ್ಲಿ ಅಮೆರಿಕದ ಬಟ್ಲರ್ ಏಮ್ಸ್ ಪಾಲಾಗಿತ್ತು. ಮ್ಯಾಸಚುಸೆಟ್ಸಿನ ಉದ್ಯಮಿ, ಕಾಂಗ್ರೆಸ್ ಸದಸ್ಯನಾಗಿದ್ದವನು. ರಿಪೇರಿ ಮಾಡಿಸಿ ಮನೆಗೆ ಮತ್ತೆ ಜೀವ ಕೊಟ್ಟವನು ಅವನು.

1974ರಲ್ಲಿ ಏಮ್ಸ್‌ನ ವಾರಸುದಾರರಿಂದ ಕೊಂಡದ್ದು ಗ್ವೀದೊ ಮೊನ್ಜೀನೊ, ‘ಸ್ತಾಂದಾ’ ಮಳಿಗೆಗಳ ಮನೆತನದವನು, ಪರ್ವತಾರೋಹಿ. 1971ರಲ್ಲಿ ನಾಯಿ ಎಳೆಯುವ ಜಾರುಬಂಡಿಯಲ್ಲಿ ಉತ್ತರ ಧ್ರುವ, 1973ರಲ್ಲಿ ಎವರೆಸ್ಟ್‌ಗೆ ಮೊದಲ ಇಟಾಲಿಯನ್ ತಂಡದ ನಾಯಕತ್ವ. 1988ರಲ್ಲಿ ತೀರಿಕೊಂಡಾಗ ಎಲ್ಲವನ್ನೂ ಫಾಯಿ ಸಂಸ್ಥೆಗೆ ಬರೆದಿಟ್ಟ. 1975ರಲ್ಲಿ ಶುರುವಾದ ಇಟಲಿಯ ಪರಂಪರೆ ಸಂರಕ್ಷಣಾ ಸಂಸ್ಥೆ ಅದು, ಈಗಲೂ ಮನೆ ಅವರದ್ದೇ. ಮೊನ್ಜೀನೊ ಸಮಾಧಿ ತೋಟದೊಳಗೇ ಇದೆ, ಹಿಂದೆ ಮಂಜುಗಡ್ಡೆ ಕೂಡಿಡುತ್ತಿದ್ದ ಕೋಣೆಯಲ್ಲಿ. ಧ್ರುವಕ್ಕೆ ಹೋಗಿಬಂದವನಿಗೆ ಸರಿಯಾದ ಜಾಗವೇ.

ಚುಕ್ಕಾಣಿ:
ಹಳೆಮನೆಯವರು ಮನೆಯದ್ದು ಹೇಳಿದರು, ನಾನು ನೀರಿನದ್ದು ಹೇಳ್ತೀನಿ. ಅಲ್ಲಿ ಎಲ್ಲ ಎಡವಟ್ಟಾಗುವುದು ಹೊತ್ತಿನ ಲೆಕ್ಕ ತಪ್ಪಿ.

ಕೋಮೊ ಸರೋವರ ತಲೆಕೆಳಗಾದ ‘ವೈ’ ಅಕ್ಷರದ ಹಾಗಿದೆ. ಬೆಲ್ಲಾಜಿಯೊ ಕವಲಿನ ನಡುವೆ. ನಿಮ್ಮ ಮನೆ ಇರುವುದು ಎಡಗಾಲಿನ, ಅಂದರೆ ಕೋಮೊ ಊರಿಗೆ ಹೋಗುವ ಕಾಲಿನ, ಪಡುವಣ ದಡದಲ್ಲಿ. ಬೆನ್ನಿಗೆ ಬೆಟ್ಟ, ಎದೆಗೆ ಪೂರ್ವದ ನೀರು. ಹಾಗಾಗಿ ಬೆಳಗಿನ ಬಿಸಿಲು ನೇರ ಗೋಡೆಗೆ ಬೀಳುತ್ತದೆ. ಮಧ್ಯಾಹ್ನ ಕಳೆದಂತೆ ಸೂರ್ಯ ಬೆಟ್ಟದ ಕಡೆ ಹೊರಳುತ್ತಾನೆ, ಪೂರ್ವದ ಮುಖ ಮಂಕಾಗುತ್ತದೆ, ಫೋಟೊದಲ್ಲಿ ಆಕಾಶ ಬಿಳಿ, ಮನೆ ಕಪ್ಪು.

ಇನ್ನು ಗಾಳಿ. ರಾತ್ರಿ ತಣಿದ ಗಾಳಿ ಬೆಟ್ಟಗಳಿಂದ ಕೆಳಕ್ಕೆ ಇಳಿದು ಉತ್ತರದಿಂದ ಬೀಸುತ್ತದೆ, ಇದಕ್ಕೆ ತಿವಾನೊ ಅನ್ನುತ್ತಾರೆ. ಬೆಳಗ್ಗೆ ಬೇಗ ಇರುತ್ತದೆ, ಹೊತ್ತೇರಿದಂತೆ ಸತ್ತುಹೋಗುತ್ತದೆ. ಬೆಟ್ಟದ ಮೈ ಕಾದ ಮೇಲೆ ತಗ್ಗಿನ ಬಯಲಿನ ಗಾಳಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೆಚ್ಚುಕಡಿಮೆ ನಡುಹಗಲಿಗೆ ದಕ್ಷಿಣದಿಂದ ಬ್ರೇವಾ ಶುರು. ಬಿಸಿಲಿದ್ದ ದಿನ ಬ್ರೇವಾ ಬಂದೇ ಬರುತ್ತದೆ. ಬಿಸಿಲಿದ್ದೂ ಅದು ಬರಲಿಲ್ಲ ಅಂದರೆ ಹವೆ ಕೆಡಲಿದೆ ಅಂತ ಅಲ್ಲಿಯ ದೋಣಿಯವರ ಲೆಕ್ಕ. ಆ ಎರಡು ಗಾಳಿಗಳ ನಡುವಿನ ಸಂದಿಯಲ್ಲಿ, ಸುಮಾರು ಹತ್ತರಿಂದ ಹನ್ನೊಂದೂವರೆವರೆಗೆ, ನೀರು ಎಣ್ಣೆ ಸುರಿದ ಹಾಗೆ ಮಲಗಿರುತ್ತದೆ. ಬಿಸಿಲೂ ಆಗ ಮನೆಯ ಮೇಲೆ. ನೀವು ಆ ತುದಿಯ ಮುಂದೆ ಇರಬೇಕಾದ ಹೊತ್ತು ಅದು.

ಗಮನಿಸಿ: ಬ್ರೇವಾ ಬಂದ ಮೇಲೂ ಗುಡ್ಡದ ಎರಡು ಮಗ್ಗುಲು ಒಂದೇ ಥರ ಇರುವುದಿಲ್ಲ. ಕೊಮಾಚೀನಾ ದ್ವೀಪದ ಕಡೆಯ ಮಗ್ಗುಲಿಗೆ ಅಲೆ ನೇರವಾಗಿ ಬಡಿಯುತ್ತದೆ. ಆಚೆ ಮಗ್ಗುಲಿನ ಲೆನ್ನೊ ಕೊಲ್ಲಿ ಗುಡ್ಡದ ಮರೆಯಲ್ಲಿ ತಣ್ಣಗಿರುತ್ತದೆ. ಶುಕ್ರದೇವತೆಯ ಕೊಲ್ಲಿ ಅಂತ ಅದಕ್ಕೆ ಹೆಸರು. ಲೆನ್ನೊದಲ್ಲಿ ನಿಂತು ‘ನೀರು ಎಷ್ಟು ಶಾಂತವಾಗಿದೆ’ ಅಂದುಕೊಂಡು ಬಾಡಿಗೆ ದೋಣಿ ಹತ್ತಿದವರಿಗೆ ತುದಿ ತಿರುಗಿದ ಕೂಡಲೇ ಮುಖಕ್ಕೆ ನೀರು ಎರಚುವುದು ಇದರಿಂದ.

ಸರಕಾರಿ ದೋಣಿಗಳಲ್ಲಿ ಮೂರು ಬಗೆ. ನಿಧಾನದ್ದು ಬತ್ತೆಲ್ಲೊ, ಮೇಲೆ ತೆರೆದ ಅಟ್ಟ ಇರುತ್ತದೆ. ವೇಗದ್ದು ಅಲಿಸ್ಕಾಫೊ, ಸುತ್ತ ಗಾಜು, ಹೊರಗೆ ನಿಲ್ಲುವ ಹಾಗಿಲ್ಲ, ಗಾಜಿನ ಮೇಲೆ ನೀರಿನ ಕಲೆ, ಟಿಕೆಟ್ಟೂ ಜಾಸ್ತಿ. ಮೂರನೆಯದು ಕಾರು ಹೇರುವ ಫೆರಿ, ಬೆಲ್ಲಾಜಿಯೊ–ವರೆನ್ನಾ–ಮೆನಾಜ್ಜೊ–ಕದೆನಾಬ್ಬಿಯಾ ನಡುವೆ ಮಾತ್ರ. ಮನೆ ನೋಡಲಿಕ್ಕೆ ಬತ್ತೆಲ್ಲೊ ಬಿಟ್ಟು ಬೇರೆ ಯೋಚನೆ ಬೇಡ.

ತುಂಬ ಜನ ತಪ್ಪುವುದು ಇಲ್ಲಿ. ವರೆನ್ನಾ, ಬೆಲ್ಲಾಜಿಯೊ ಕಡೆಯಿಂದ ಬರುವ ಬತ್ತೆಲ್ಲೊದಲ್ಲಿ ಲೆನ್ನೊದಲ್ಲೇ ಇಳಿದರೆ ತುದಿಯನ್ನು ದೂರದಿಂದ, ಒಂದೇ ಮಗ್ಗುಲಿನಿಂದ ನೋಡಿದ ಹಾಗೆ. ದೋಣಿ ತುದಿಯನ್ನು ಸುತ್ತುವುದು ಲೆನ್ನೊ ಬಿಟ್ಟು ದಕ್ಷಿಣಕ್ಕೆ, ದ್ವೀಪದ ಕಡೆ ಹೊರಟಾಗ. ಹಾಗಾಗಿ ಲೆನ್ನೊಗೇ ಮುಗಿಯುವ ದೋಣಿ ಬಿಟ್ಟು ಕೋಮೊ ಕಡೆ ಮುಂದುವರಿಯುವುದನ್ನು ಹಿಡಿಯಿರಿ. ಕೋಮೊದಿಂದ ಉತ್ತರಕ್ಕೆ ಬರುವಾಗ ಎಡಗಡೆ ಕೂರಬೇಕು, ಕೋಮೊಗೆ ಹೋಗುವಾಗ ಬಲಗಡೆ. ಅಟ್ಟದ ಮೇಲೆ, ಕಟಕಟೆಗೆ ತಾಗಿ. ಗೋಪುರ, ಕಟ್ಟೆ, ಮನೆ, ಲೊಜ್ಜಿಯಾ ಎಲ್ಲ ಎರಡು ಮೂರು ನಿಮಿಷದಲ್ಲಿ ಸರಿದು ಹೋಗುತ್ತವೆ. ಕ್ಯಾಮೆರಾ ಚೀಲದಿಂದ ತೆಗೆಯುವಷ್ಟರಲ್ಲಿ ಮುಗಿದಿರುತ್ತದೆ.

ವೇಳಾಪಟ್ಟಿ ನೋಡುವಾಗ ‘ಫೆರಿಯಾಲೆ’ ಅಂದರೆ ಕೆಲಸದ ದಿನ, ಶನಿವಾರವೂ ಅದರಲ್ಲೇ. ‘ಫೆಸ್ತೀವೊ’ ಅಂದರೆ ಭಾನುವಾರ ಮತ್ತು ಹಬ್ಬ. ಈ ಕಾಲಂ ತಪ್ಪಿ ಓದಿ ಕಟ್ಟೆಯ ಮೇಲೆ ಒಂದೂವರೆ ತಾಸು ಕೂರುವವರು ಪ್ರತಿ ವಾರ ಇರುತ್ತಾರೆ. ಜೂನ್ 2 ಇಟಲಿಯಲ್ಲಿ ಸಾರ್ವಜನಿಕ ರಜೆ, ಪ್ರವಾಸ ಒಂದೆರಡು ದಿನ ಮುಂದಕ್ಕೆ ಹೋದರೆ ನೆನಪಿರಲಿ.

ದಾರಿಹೋಕ:
ಇಬ್ಬರಿಗೂ ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಎರಡು ಮರುಪ್ರಶ್ನೆ. ಬಾಡಿಗೆ ದೋಣಿ ಲೈಸೆನ್ಸ್ ಇಲ್ಲದೆ ಕೊಡುತ್ತಾರಂತೆ, ನಿಜವಾ? ಮತ್ತೆ ಮಂಡಿನೋವಿನವರನ್ನು ಒಳಗೆ ಕರಕೊಂಡು ಹೋಗುವುದು ಆಗುತ್ತಾ?

ಚುಕ್ಕಾಣಿ:
ನಿಜ. ಇಟಲಿಯಲ್ಲಿ 40 ಕುದುರೆಶಕ್ತಿವರೆಗಿನ ಎಂಜಿನ್ನಿನ ದೋಣಿಗೆ ಲೈಸೆನ್ಸ್ ಬೇಡ, 18 ತುಂಬಿರಬೇಕು. ಪಾಸ್‌ಪೋರ್ಟ್ ತೋರಿಸಬೇಕು, ಕಾರ್ಡಿನ ಮೇಲೆ ಠೇವಣಿ ಹಿಡಿಯುತ್ತಾರೆ. ಕೊಡುವ ಮೊದಲು ಹತ್ತು ನಿಮಿಷ ಹೇಳಿಕೊಡುತ್ತಾರೆ. ಆದರೆ ಆ ಹತ್ತು ನಿಮಿಷದಲ್ಲಿ ಕಲಿಯುವುದು ದೋಣಿ ಓಡಿಸುವುದನ್ನು, ನಿಲ್ಲಿಸುವುದನ್ನಲ್ಲ. ಕಾರಿನ ಹಾಗೆ ಬ್ರೇಕ್ ಇಲ್ಲ. ಕಟ್ಟೆಗೆ ಬರುವಾಗ ದೂರದಿಂದಲೇ ನ್ಯೂಟ್ರಲ್‌ಗೆ ಹಾಕಿ, ತಾನಾಗಿ ತೇಲಿಕೊಂಡು ಬರಲು ಬಿಟ್ಟು, ಕೊನೆಯಲ್ಲಿ ಚೂರು ರಿವರ್ಸ್ ಕೊಡಬೇಕು. ತಿರುಗುವಾಗ ಮೂತಿ ಒಂದು ಕಡೆ ಹೋದರೆ ಹಿಂಭಾಗ ಇನ್ನೊಂದು ಕಡೆ ಬೀಸುತ್ತದೆ. ಕಟ್ಟೆಗೆ ಉಜ್ಜುವುದು ಸಾಮಾನ್ಯವಾಗಿ ಆ ಹಿಂಭಾಗವೇ.

ಹೊರಡುವ ಮೊದಲು: ದೋಣಿಯ ಸುತ್ತ ಈಗಾಗಲೇ ಇರುವ ಗೀರುಗಳ ಫೋಟೊ ತೆಗೆದುಕೊಳ್ಳಿ, ಠೇವಣಿಯ ಜಗಳ ಹುಟ್ಟುವುದೇ ಅಲ್ಲಿಂದ. ಪೆಟ್ರೋಲ್ ಬಾಡಿಗೆಯಲ್ಲಿ ಸೇರಿದೆಯಾ ಬೇರೆಯಾ ಕೇಳಿ. ಜೀವರಕ್ಷಕ ಜಾಕೆಟ್ ನಾಲ್ಕಿದೆಯಾ ಎಣಿಸಿ. ಎಂಜಿನ್ ಪಕ್ಕ ಕೆಂಪು ಸುರುಳಿ ಹಗ್ಗವೊಂದು ನೇತಾಡುತ್ತಿರುತ್ತದೆ, ಅದನ್ನು ಓಡಿಸುವವರ ಮಣಿಕಟ್ಟಿಗೋ ಕಾಲಿಗೋ ಸಿಕ್ಕಿಸಬೇಕು. ಆತ ನೀರಿಗೆ ಬಿದ್ದರೆ ಹಗ್ಗ ಕಳಚಿ ಎಂಜಿನ್ ನಿಲ್ಲುತ್ತದೆ. ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ ಅಂತ ಗಾಬರಿಯಾದಾಗಲೂ ಮೊದಲು ನೋಡಬೇಕಾದ್ದು ಆ ಹಗ್ಗದ ಕೊಕ್ಕೆ ಜಾಗದಲ್ಲಿದೆಯಾ ಅಂತ, ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿದೆಯಾ ಅಂತ.

ಎಲ್ಲಿಂದ ತಗೊಳ್ಳಬೇಕು ಅನ್ನುವುದು ಮುಖ್ಯ. ಲೆನ್ನೊದಿಂದ ಆ ತುದಿ ಒಂದು ಕಿಲೋಮೀಟರ್ ಆಸುಪಾಸು. ಬೆಲ್ಲಾಜಿಯೊದಿಂದ ಸುಮಾರು 5 ಕಿಲೋಮೀಟರ್, ನಡುವೆ ಫೆರಿಗಳ ಓಡಾಟ. ಕೋಮೊ ಊರಿನಿಂದ 20 ಕಿಲೋಮೀಟರಿಗೂ ಮೇಲೆ, ಅಲ್ಲಿಂದ ಒಂದು ಗಂಟೆಯ ಬಾಡಿಗೆಯಲ್ಲಿ ಬಾಲ್ಬಿಯಾನೆಲ್ಲೊ ನೋಡಿ ವಾಪಸ್ ಬರುತ್ತೇವೆ ಅನ್ನುವವರು ನಕಾಶೆ ನೋಡಿಲ್ಲ.

ತುದಿಯ ಹತ್ತಿರ ಹೋದಾಗ ಬಂಡೆಗೆ ಅಂಟಿಕೊಂಡು ಹೋಗಬೇಡಿ. ಅಲೆ ಬಂಡೆಗೆ ಬಡಿದು ವಾಪಸ್ ಬಂದು, ಬರುವ ಅಲೆಗೆ ಡಿಕ್ಕಿ ಹೊಡೆದು ನೀರು ಕುದಿಯುವ ಹಾಗೆ ಏಳುತ್ತಿರುತ್ತದೆ. ಐವತ್ತು ನೂರು ಮೀಟರ್ ಹೊರಗೆ ಇದಕ್ಕಿಂತ ಸಮಾಧಾನ, ನೋಟವೂ ಅಲ್ಲಿಂದಲೇ ಚೆಂದ. ಹತ್ತಿರ ಹೋದರೆ ಬರೀ ಗೋಡೆ ಕಾಣುತ್ತದೆ, ಲೊಜ್ಜಿಯಾ ಮರಗಳ ಹಿಂದೆ ಅಡಗುತ್ತದೆ. ದಡದ ಪಟ್ಟಿಯಲ್ಲಿ ಎಂಜಿನ್ ದೋಣಿಗೆ ಕಟ್ಟುಪಾಡುಗಳೂ ಇವೆ, ಎಷ್ಟು ದೂರ ಬಿಡಬೇಕು ಅಂತ ದೋಣಿ ಕೊಡುವವರು ನಕಾಶೆಯಲ್ಲಿ ಗುರುತು ಹಾಕಿ ತೋರಿಸುತ್ತಾರೆ. ಲಂಗರು ಹಾಕುವ ಯೋಚನೆ ಬೇಡ. ಹಿಮನದಿ ಕೊರೆದ ಸರೋವರ ಇದು, ಅತಿ ಆಳದಲ್ಲಿ 400 ಮೀಟರಿಗೂ ಹೆಚ್ಚು. ದಡ ಬಿಟ್ಟ ಕೂಡಲೇ ತಳ ಕಡಿದುಹೋಗುತ್ತದೆ, ಬಾಡಿಗೆ ದೋಣಿಯ ಹಗ್ಗ ಮುಟ್ಟುವುದಿಲ್ಲ. ಗಾಳಿ ಬರುವ ಕಡೆಗೆ ಸ್ವಲ್ಪ ಮೇಲೆ ಹೋಗಿ, ನ್ಯೂಟ್ರಲ್‌ಗೆ ಹಾಕಿ, ಗಾಳಿಯೇ ನಿಮ್ಮನ್ನು ಮನೆಯ ಮುಂದೆ ತೇಲಿಸಿಕೊಂಡು ಹೋಗಲು ಬಿಡಿ. ಎಂಜಿನ್ ಆರಿಸಬೇಡಿ.

ಸರಕಾರಿ ದೋಣಿಗೆ ಯಾವಾಗಲೂ ದಾರಿ ಬಿಡಬೇಕು. ಅದು ಹೋದ ಮೇಲೆ ಬರುವ ಅಲೆಗೆ ದೋಣಿಯ ಮಗ್ಗುಲು ಕೊಡದೆ ಮೂತಿಯನ್ನು ಓರೆಯಾಗಿ ತಿರುಗಿಸಿ, ವೇಗ ಇಳಿಸಿ ಹತ್ತಿಸಿ. ಜೋರು ಮಳೆಯ ಮಾರನೇ ದಿನ ಹಳ್ಳಗಳು ತಂದು ಹಾಕಿದ ಮರದ ದಿಮ್ಮಿಗಳು ಅರ್ಧ ಮುಳುಗಿ ತೇಲುತ್ತಿರುತ್ತವೆ. ಅಂಥ ದಿನ ವೇಗವಾಗಿ ಓಡಿಸಿದರೆ ಪ್ರೊಪೆಲ್ಲರ್ ಹೋಗುತ್ತದೆ, ಜೊತೆಗೆ ಠೇವಣಿ.

ಇನ್ನೊಂದು: ಬಾಡಿಗೆ ದೋಣಿಯನ್ನು ವಿಲ್ಲಾದ ಕಟ್ಟೆಗೆ ಕಟ್ಟಿ ಒಳಗೆ ಹೋಗಬಹುದು ಅಂದುಕೊಳ್ಳಬೇಡಿ. ಒಳಗೆ ಹೋಗುವುದಾದರೆ ಲೆನ್ನೊದಿಂದ ಹೋಗುವ ಟ್ಯಾಕ್ಸಿ ದೋಣಿಯೇ ಸರಿ. ನಾಲ್ಕು ಜನ, ಒಬ್ಬರಿಗೂ ದೋಣಿ ಅಭ್ಯಾಸ ಇಲ್ಲ ಅಂತಾದರೆ ನನ್ನ ಅಭಿಪ್ರಾಯದಲ್ಲಿ ಬಾಡಿಗೆ ದೋಣಿ ಬೇಡವೇ ಬೇಡ. ಕಣ್ಣು ಪೂರ್ತಿ ಚುಕ್ಕಾಣಿ ಮತ್ತು ಫೆರಿಗಳ ಮೇಲೇ ಇರುತ್ತದೆ, ಮನೆ ನೋಡುವವರು ಯಾರು?

ಕಲ್ಲುಮೆಟ್ಟಿಲು:
ಚುಕ್ಕಾಣಿಯವರ ಕೊನೆಯ ಮಾತು ಅರ್ಧ ಒಪ್ಪುತ್ತೇನೆ. ಬೆಳಗ್ಗೆ ಗಾಳಿ ಏಳುವ ಮೊದಲು ಲೆನ್ನೊ ಕೊಲ್ಲಿಯೊಳಗೆ ಓಡಿಸಲು ಹೊಸಬರಿಗೂ ಕಷ್ಟವಿಲ್ಲ. ಆದರೆ ದುಡ್ಡಿನ ಲೆಕ್ಕದಲ್ಲಿ ಬತ್ತೆಲ್ಲೊ ಮತ್ತು ಟ್ಯಾಕ್ಸಿ ದೋಣಿ ಎರಡೂ ಸೇರಿದರೂ ಬಾಡಿಗೆಗಿಂತ ಕಡಿಮೆ.

ಒಳಗಿನ ವಿಷಯ. ಸೋಮವಾರ ಮತ್ತು ಬುಧವಾರ ಮನೆ ಮುಚ್ಚಿರುತ್ತದೆ. ಟಿಕೆಟ್ ತೆಗೆಯುವ ಮೊದಲು ಫಾಯಿ ಜಾಲತಾಣದಲ್ಲಿ ನಿಮ್ಮ ದಿನಾಂಕವನ್ನೇ ಒತ್ತಿ ನೋಡಿ, ಮದುವೆ ಮತ್ತು ಖಾಸಗಿ ಸಮಾರಂಭಗಳಿಗಾಗಿ ಕೆಲವು ದಿನ ಬೇಗ ಮುಚ್ಚುತ್ತಾರೆ. ಟಿಕೆಟ್ ಎರಡು ಥರ: ತೋಟ ಮಾತ್ರ, ಅಥವಾ ತೋಟದ ಜೊತೆ ಮನೆಯೊಳಗೆ ಗೈಡ್ ಜೊತೆ ಸುತ್ತು. ಒಳಗೆ ಗುಂಪು ಚಿಕ್ಕದು, ಹೊತ್ತು ನಿಗದಿ, ಹಾಗಾಗಿ ಮೊದಲೇ ಕಾದಿರಿಸಬೇಕು. ಟ್ಯಾಕ್ಸಿ ದೋಣಿಯ ಹಣ ಇದರಲ್ಲಿ ಸೇರಿಲ್ಲ, ಅದನ್ನು ಲೆನ್ನೊದ ಲೀದೊ, ಅಂದರೆ ಈಜುವ ದಡದ ಹತ್ತಿರ ದೋಣಿಯವರಿಗೇ ಕೊಡಬೇಕು. ಹೋಗಿಬರುವ ಟಿಕೆಟ್ ತೆಗೆದರೆ ಚೀಟಿ ಬಿಸಾಡಬೇಡಿ.

ನಿಮ್ಮ ಮೂರನೇ ಪ್ರಶ್ನೆಗೆ: ಹೊರಗಿನಿಂದ ಮಾತ್ರ ನೋಡಿದರೆ ಕಾರ್ಡಿನಲ್ ಸಿಗುತ್ತಾನೆ, ಮೊನ್ಜೀನೊ ಸಿಗುವುದಿಲ್ಲ. ಮನೆಯೊಳಗಿರುವುದು ಪೂರ್ತಿ ಅವನ ಮನಸ್ಸು. ಮೇಲ್ಮಹಡಿಯಲ್ಲಿ ಯಾತ್ರೆಗಳ ಸಂಗ್ರಹಾಲಯ ಇದೆ, ಧ್ರುವಕ್ಕೆ ಹೋದ ಜಾರುಬಂಡಿಯೂ ಅಲ್ಲಿದೆ. ಕೆಳಗೆ ಇಂಗ್ಲಿಷ್, ಫ್ರೆಂಚ್ ಪೀಠೋಪಕರಣ, ಚೀನಾದ ಹಳೆಯ ಮಣ್ಣಿನ ಗೊಂಬೆಗಳು, ಗಾಜಿನ ಹಿಂದೆ ಬಿಡಿಸಿದ ಚಿತ್ರಗಳು. ಎಪ್ಪತ್ತರ ದಶಕದಲ್ಲಿ ಇಟಲಿಯಲ್ಲಿ ಶ್ರೀಮಂತರ ಅಪಹರಣ ಮಾಮೂಲಾಗಿತ್ತು. ಆ ಭಯಕ್ಕೆ ಅವನು ಗೋಡೆಗಳೊಳಗೆ ಗುಟ್ಟಿನ ದಾರಿ ಮಾಡಿಸಿದ್ದ. ಕಪಾಟಿನ ಹಾಗೆ ಕಾಣುವ ಬಾಗಿಲು ತೆರೆದಾಗ ಒಳಗೆ ಮೆಟ್ಟಿಲು ಇಳಿಯುವುದನ್ನು ಗೈಡ್ ತೋರಿಸುತ್ತಾರೆ. ನೀರಿಗೆ ಇಷ್ಟು ತೆರೆದುಕೊಂಡ ಮನೆಯೊಳಗೆ ಅಡಗಿಕೊಳ್ಳುವ ಏರ್ಪಾಡು, ಅದನ್ನು ನೋಡದೆ ಬರುವುದು ನಷ್ಟವೇ.

ಮಂಡಿನೋವಿನವರಿಗೆ ಮಾತ್ರ ನೇರವಾಗಿ ಹೇಳಬೇಕು, ಇದು ಮೆಟ್ಟಿಲಿನ ಜಾಗ. ಲೆನ್ನೊದಿಂದ ನಡೆದು ಹೋಗುವ ದಾರಿ ಸುಮಾರು ಒಂದು ಕಿಲೋಮೀಟರ್ ಇದ್ದರೂ ಗುಡ್ಡ ಹತ್ತಿ ಇಳಿಯಬೇಕು, ಆ ಯೋಚನೆ ಬಿಟ್ಟುಬಿಡಿ. ಟ್ಯಾಕ್ಸಿ ದೋಣಿಯಲ್ಲಿ ಹೋದರೂ ಕಟ್ಟೆಯಿಂದ ಮೇಲಕ್ಕೆ, ಮನೆಯಿಂದ ಲೊಜ್ಜಿಯಾಕ್ಕೆ, ಮನೆಯೊಳಗೆ ಮಹಡಿಯಿಂದ ಮಹಡಿಗೆ ಮೆಟ್ಟಿಲೇ. ದೋಣಿಯಿಂದ ಕಟ್ಟೆಗೆ ಕಾಲಿಡುವಾಗ ದೋಣಿ ಏಳುತ್ತ ಇಳಿಯುತ್ತ ಇರುತ್ತದೆ. ದೋಣಿ ಮೇಲೆದ್ದ ಗಳಿಗೆಯಲ್ಲಿ ನೋವಿಲ್ಲದ ಕಾಲನ್ನು ಮೊದಲು ಇಡಿಸಿ, ದೋಣಿಯವನ ಮುಂಗೈ ಹಿಡಿಯಲು ಹೇಳಿ. ಏರುವುದು ಕಷ್ಟ ಅನ್ನಿಸಿದರೆ ಅವರನ್ನು ಬತ್ತೆಲ್ಲೊ ಅಟ್ಟದ ಮೇಲೆ ಕೂರಿಸಿ ತುದಿ ತೋರಿಸಿ, ಆಮೇಲೆ ಲೆನ್ನೊ ದಡದ ಮರದ ನೆರಳಿನ ಬೆಂಚಿನಲ್ಲಿ ಒಬ್ಬರ ಜೊತೆ ಬಿಟ್ಟು ಉಳಿದವರು ಹೋಗಿಬನ್ನಿ.

ತೋಟಪಾಲಕ:
ಯಾರೂ ತೋಟದ ಬಗ್ಗೆ ಹೇಳಲಿಲ್ಲ, ದೋಣಿಯಿಂದ ಕಾಣುವುದರಲ್ಲಿ ಮುಕ್ಕಾಲು ಪಾಲು ಅದೇ ತಾನೇ. ಇಟಲಿಯ ತೋಟ ಅಂದರೆ ಗೆರೆ ಎಳೆದ ಹಾಗೆ ಚೌಕ ಚೌಕ ಪಾತಿ. ಇಲ್ಲಿ ಬಂಡೆ, ಕಡಿದಾದ ಇಳಿಜಾರು, ಮಣ್ಣು ಕಡಿಮೆ, ಹಾಗಾಗಿ ಚೌಕ ಮಾಡಲು ನೆಲವೇ ಇಲ್ಲ. ಅದಕ್ಕೆ ನೆಲ ಬಿಟ್ಟು ಮರಗಳಿಗೇ ಆಕಾರ ಕೊಟ್ಟಿದ್ದಾರೆ. ಚಿನಾರ್ ಜಾತಿಯ ಪ್ಲೇನ್ ಮರಗಳನ್ನು ದೀಪದ ಕಂಬದ ಕೊಂಬೆಗಳ ಹಾಗೆ ಸವರುತ್ತಾರೆ. ಮೇಲಿನ ದೊಡ್ಡ ಲೆಚ್ಚೊ ಮರ ಓಕ್ ಜಾತಿಯ ನಿತ್ಯಹಸಿರಿನದು, ಅದನ್ನು ಕೊಡೆಯ ಹಾಗೆ ದುಂಡಗೆ ಕತ್ತರಿಸುತ್ತಾರೆ. ಕೆಳಗಿನಿಂದ ಯಂತ್ರ ತಲುಪುವುದಿಲ್ಲ, ಮಾಲಿಗಳು ಕೊಂಬೆಯ ಮೇಲೆ ಹತ್ತಿ ಕೈಯಲ್ಲೇ ಸವರಬೇಕು. ಕೊಡೆಯಾಕಾರ ಯಾಕೆಂದರೆ ಅದರ ಅಡಿಯಿಂದ ನೀರು ಕಾಣುತ್ತಲೇ ಇರಲಿ ಅಂತ. ಲೊಜ್ಜಿಯಾದ ಕಮಾನುಗಳ ಮೇಲೆ ಹಸಿರು ಹಗ್ಗ ಸುತ್ತಿದ ಹಾಗೆ ಕಾಣುವುದು ಗೋಡೆಗೆ ಅಂಟಿಕೊಳ್ಳುವ ಅತ್ತಿಬಳ್ಳಿ. ಸವರದೆ ಬಿಟ್ಟರೆ ಕಮಾನು ಪೂರ್ತಿ ಮುಚ್ಚಿಬಿಡುತ್ತದೆ, ಆ ಸುರುಳಿ ಆಕಾರಕ್ಕೆ ವರ್ಷವಿಡೀ ಕತ್ತರಿ ಆಡಿಸಬೇಕು. ಹಳೆಮನೆಯವರು ಹೇಳಿದ ಕಮಾನಿನ ಆಚೆಯ ಆಕಾಶ ಕಾಣುವುದು ಈ ಕತ್ತರಿಯ ದಯೆಯಿಂದ.

ದಾರಿಹೋಕ:
ಸರಿ, ಹೀಗಂದುಕೊಂಡಿದ್ದೇವೆ, ತಪ್ಪಿದ್ದರೆ ತಿದ್ದಿ. ಮಂಗಳವಾರ. ಮಿಲಾನ್ ಚೆಂತ್ರಾಲೆಯಿಂದ ಬೆಳಗಿನ ರೈಲಿಗೆ ವರೆನ್ನಾ, ಅಲ್ಲಿಂದ ಬತ್ತೆಲ್ಲೊದಲ್ಲಿ ಲೆನ್ನೊ, ಮನೆ ನೋಡಿ, ವಾಪಸ್ ಅದೇ ದಾರಿ.

ಚುಕ್ಕಾಣಿ:
ಹೋಗುವುದು ಸರಿ, ರೈಲು ಒಂದು ಗಂಟೆ ಚಿಲ್ಲರೆ, ನಿಲ್ದಾಣದಿಂದ ವರೆನ್ನಾ ಕಟ್ಟೆಗೆ ಇಳಿಜಾರಿನಲ್ಲಿ ಹತ್ತು ಹದಿನೈದು ನಿಮಿಷ. ಮಂಡಿಗೆ ಇಳಿಯುವುದು ಏರುವುದಕ್ಕಿಂತ ಕಷ್ಟ, ನಿಧಾನ ಹೋಗಿ. ಒಂದು ತಿದ್ದುಪಡಿ: ದೋಣಿ ಲೆನ್ನೊದಿಂದ ಮುಂದೆ ಹೋಗುವುದಾದರೆ ಅಲ್ಲಿ ಇಳಿಯದೆ ದ್ವೀಪದ ಎದುರಿನ ನಿಲುಗಡೆಯವರೆಗೆ ಟಿಕೆಟ್ ತೆಗೆಯಿರಿ. ತುದಿಯನ್ನು ಬೆಳಗಿನ ಬಿಸಿಲಿನಲ್ಲಿ ಸುತ್ತಿ ನೋಡಿದಂತಾಯಿತು. ಅಲ್ಲಿಂದ ಲೆನ್ನೊಗೆ ಹಿಂದಿರುಗಲು ಎದುರಿನಿಂದ ಬರುವ ದೋಣಿ ಅಥವಾ ದಡದ ರಸ್ತೆಯ ಸಿ10 ಬಸ್. ಬಸ್ ಟಿಕೆಟ್ ಹತ್ತುವ ಮೊದಲೇ ತಂಬಾಕು ಅಂಗಡಿಯಲ್ಲಿ ತೆಗೆದಿಟ್ಟುಕೊಳ್ಳಿ. ಮನೆಯೊಳಗಿನ ಸುತ್ತನ್ನು ಮಧ್ಯಾಹ್ನಕ್ಕೆ ಕಾದಿರಿಸಿ, ಹೊರಗೆ ಬ್ರೇವಾ ಎದ್ದಿರುವ ಹೊತ್ತು ಒಳಗಿರುವುದೇ ವಾಸಿ.

ವಾಪಸ್ ಅದೇ ದಾರಿ ಬೇಡ. ಸಂಜೆ ವರೆನ್ನಾ ಕಡೆಯ ದೋಣಿಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಒಂದು ದೋಣಿ ತುಂಬಿದರೆ ಮುಂದಿನದಕ್ಕೆ ಕಾಯಬೇಕು, ಅಲ್ಲಿಗೆ ರೈಲೂ ತಪ್ಪುತ್ತದೆ. ಲೆನ್ನೊದಿಂದ ಕೋಮೊಗೆ ಬತ್ತೆಲ್ಲೊ ಹಿಡಿದರೆ ಒಂದೂವರೆ ಗಂಟೆಗೂ ಮೇಲಾಗುತ್ತದೆ, ಆದರೆ ಕೂತೇ ಹೋಗಬಹುದು, ತುದಿ ಇನ್ನೊಮ್ಮೆ ಸಿಗುತ್ತದೆ, ಈ ಸಲವೂ ಬಲಗಡೆ. ಕೋಮೊ ಕಟ್ಟೆಯ ಎದುರಿಗೇ ನೋರ್ದ್ ಲಾಗೊ ನಿಲ್ದಾಣ, ಅಲ್ಲಿಂದ ಮಿಲಾನ್ ಕದೋರ್ನಾಕ್ಕೆ ಒಂದು ಗಂಟೆ. ನೀವು ಇಳಿಯುವುದು ಚೆಂತ್ರಾಲೆ ಅಲ್ಲ ಅನ್ನುವುದನ್ನು ಹೋಟೆಲಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.